ಒಂದು ಕಿಲೋ ಮುನ್ನೂರೈವತ್ತು

"ಆ ಕಡೆ ಒಂಚೂರು ಎತ್ರಿ ಮಾಸ್ತರ, ಹೊಸ್ತಿಲಕ್ಕ ತಾಗತೈತಿ," ಎಂದ ಕಿರಾಣಿ ಅಂಗಡಿಯ ಜಂಬಣ್ಣ.

ಅಮರೇಶ ಎತ್ತಿದ. ಜಿಲಾನಿಯ ರಿಪೇರಿ ಅಂಗಡಿಯಿಂದ ಹೊರಬಂದ ಬೆಂಚು ಇಬ್ಬರ ನಡುವೆ ತೂಗುತ್ತ ಕೊಟ್ಟೂರಿನ ಬಜಾರದ ರಸ್ತೆ ದಾಟಿತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ ಜಿಲಾನಿ ಮತ್ತೆ ಎದ್ದಿರಲಿಲ್ಲ. ಮನೆಯ ಮುಂದೆ ಸೇರಿದವರಿಗೆ ಕೂರಲು ಏನಾದರೂ ಬೇಕಿತ್ತು. ಒಂದು ಕಾಲಕ್ಕೆ ಟೈಪಿಂಗ್ ಹೇಳಿಕೊಟ್ಟು ಊರಿಗೆಲ್ಲ ಮಾಸ್ತರನಾಗಿದ್ದ, ಈಗ ಡಿ.ಟಿ.ಪಿ. ಸೆಂಟರ್ ನಡೆಸುವ ಅಮರೇಶ, ಓಣಿಯ ಬಾಯಲ್ಲಿ ಹೋಗಲೋ ಬೇಡವೋ ಎಂದು ನಿಂತಿದ್ದಾಗ ಜಂಬಣ್ಣ ಅವನ ಕೈಗೆ ಬೆಂಚಿನ ಒಂದು ತುದಿ ಕೊಟ್ಟಿದ್ದ.

"ಈ ಬೆಂಚು ಯಾಕ ಮಾಡಿಸಿದ್ದ ಗೊತ್ತೇನ್ರಿ?"

"ಗಿರಾಕಿ ಕುಂದ್ರಾಕ."

"ಕುಂದ್ರಾಕಲ್ರಿ, ಕಾವಲು ಕಾಯಾಕ. ನಿಮ್ಮ ಆ ಗದ್ಲ ಆದಮ್ಯಾಲೆ ಹಳೇ ರೇಡಿಯೋ ತಂದವ್ರೂ 'ನಮ್ಮ ಎದುರಿಗೇ ಬಿಚ್ಚು' ಅನ್ನಾಕತ್ರು. ಪಾಪ, ಜಿಲಾನಿ ಬಡಿಗ್ಯಾನ್ನ ಕರೆಸಿ ಇದನ್ನ ಮಾಡಿಸಿದ. ನಿಂತು ನೋಡಿದ್ರ ಕಾಲು ನೋಯ್ತಾವು, ಕುಂತು ನೋಡ್ರಿ ಅಂದ."

ಜಂಬಣ್ಣ ಇದನ್ನು ಚುಚ್ಚಲೆಂದು ಹೇಳಲಿಲ್ಲ. ಅವನಿಗೆ ಮಾತು ಬೇಕಿತ್ತು, ಅಷ್ಟೆ. ಅಮರೇಶನ ಕೈಯಲ್ಲಿ ಮಾತ್ರ ಬೆಂಚು ಇದ್ದಕ್ಕಿದ್ದಂತೆ ಭಾರವಾಯಿತು.

*

ನಾಲ್ಕು ವರ್ಷದ ಹಿಂದಿನ ಮಾತು. ಹೊಸಪೇಟೆಯ ಗಣಿ ಕಚೇರಿಯ ಒಬ್ಬ ಅಧಿಕಾರಿಯಿಂದ ಅಮರೇಶ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದ. ಜಪಾನಿನದು, ನೇರಳೆ ಛಾಯೆಯ ಮೈ, ಕೈಯಲ್ಲಿ ಹಿಡಿದರೆ ಶಾಲೆಯ ಪಾಟಿಯಷ್ಟು ತೆಳು. ಎರಡೇ ದಿನಕ್ಕೆ ಅದು ಉಸಿರು ನಿಲ್ಲಿಸಿತು. ಟೇಪು, ಟಿ.ವಿ. ಬಿಟ್ಟರೆ ಬೇರೇನೂ ಬಿಚ್ಚದ ಜಿಲಾನಿ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಇಸಿದುಕೊಂಡ. ಒಂದು ವಾರ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಲಿಲ್ಲ. ಒಳಗೆ ಸೇರಿದ್ದ ಅದಿರಿನ ಕೆಂಪು ಧೂಳನ್ನು ದಾಡಿ ಬ್ರಶ್ಶಿನಿಂದ ಗುಡಿಸಿ ಗುಡಿಸಿ ತೆಗೆದ.

"ಇದು ತೊಂಬತ್ತೇಳರಾಗ ಹುಟ್ಟಿದ ಜಾತಿ ಮಾಸ್ತರ," ಎಂದ, ತಿರುಗಿ ಕೊಡುವಾಗ. ಎಲ್ಲಿಂದಲೋ ಹರಿದು ತಂದ ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ್ದ. "ಅದಕ್ಕೂ ಮೊದಲು ಲ್ಯಾಪ್‌ಟಾಪ್ ಅಂದ್ರ ಇಟ್ಟಂಗಿ. ಇವ್ರು ಮೈಯನ್ನ ಮೆಗ್ನೀಸಿಯಮ್ಮಿನಾಗ ಮಾಡಿದ್ರು. ಭಾರದ ಸಾಮಾನೆಲ್ಲ ಹೊರಗಿಟ್ರು. ಮರುವರ್ಷ ಇನ್ನೊಬ್ಬರು ಇದಕ್ಕಿಂತ ತೆಳ್ಳಗ ಮಾಡಿದ್ರು. ಆಮ್ಯಾಲೆ ಎಲ್ರೂ ಇದೇ ದಾರಿ ಹಿಡಿದ್ರು. ನನ್ನ ಕೈಗೆ ಇಂಥಾದ್ದು ಬರತೈತಿ ಅಂತ ಕನಸಿನಾಗೂ ಅಂದ್ಕೊಂಡಿರಲಿಲ್ಲ."

ಅಮರೇಶ ಕೇಳಿಸಿಕೊಳ್ಳಲಿಲ್ಲ. ಲಗ್ನಪತ್ರಿಕೆಯ ಅವಸರ. ಸೆಂಟರಿಗೆ ಬಂದು ಕನ್ನಡ ಅಕ್ಷರದ ಸಿ.ಡಿ. ಹಾಕಬೇಕೆಂದರೆ ಯಂತ್ರಕ್ಕೆ ಬಾಯೇ ಇಲ್ಲ. ಹರಪನಹಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದ ಭಾಮೈದ ಗವಿಸಿದ್ದೇಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮಾವ, ಸಿ.ಡಿ. ಇಲ್ಲ, ಫ್ಲಾಪಿ ಇಲ್ಲ. ಒಳಗಿಂದು ತೆಗೆದು ಮ್ಯಾಲೆ ನುಣ್ಣಗ ಮುಚ್ಯಾನ. ಕಂಪ್ಯೂಟರ್ ಅಂದ್ರ ಮೂರು ಕಿಲೋನರ ಇರಬೇಕು. ತೂಗಿಸ್ರಿ ಬೇಕಾದ್ರ."

ತೂಗಿಸಿದರು. ಜಿಲಾನಿಯ ಅಂಗಡಿಗೆ ಅಂಟಿಕೊಂಡಿದ್ದ ಜಂಬಣ್ಣನ ಕಿರಾಣಿಯಲ್ಲಿ, ಬೆಲ್ಲ ತೂಗುವ ತಕ್ಕಡಿಯಲ್ಲಿ, ಸಂತೆಯ ದಿನ, ಮಂದಿಯ ನಡುವೆ. ಒಂದು ಕಿಲೋ ಮುನ್ನೂರೈವತ್ತು.

"ಉಳಿದದ್ದು ಎಲ್ಲೈತಿ?" ಅಮರೇಶ ಕೇಳಿದ. ಅಲ್ಲಿಯತನಕ ಜಿಲಾನಿಸಾಬ್ರೇ ಅನ್ನುತ್ತಿದ್ದವನು, "ಕಳ್ಳ ನೀನು," ಎಂದ.

"ಹಗುರ ಇರೋದ ಅದರ ಹೆಚ್ಚುಗಾರಿಕಿ ಮಾಸ್ತರ," ಎಂದ ಜಿಲಾನಿ, ಮೆಲ್ಲಗೆ. ಸಂತೆ ನಕ್ಕಿತು.

ಎಂಟು ತಿಂಗಳಾದ ಮೇಲೆ ಹೊಸಪೇಟೆಯ ಅದೇ ಕಚೇರಿಯಲ್ಲಿ, ಅದೇ ಬಣ್ಣದ ಇನ್ನೊಂದು ಯಂತ್ರ ಮೇಜಿನ ಮೇಲಿತ್ತು, ಅದಕ್ಕೂ ಬಾಯಿಲ್ಲ. ಅದರ ಪಕ್ಕದಲ್ಲಿ ಬೇರೆಯದೇ ಒಂದು ಪುಟ್ಟ ಡಬ್ಬಿ, ನಡುವೆ ವಾಯರು. ಗುಮಾಸ್ತ ಫ್ಲಾಪಿಯನ್ನು ಆ ಡಬ್ಬಿಗೆ ಹಾಕಿದ. ಅಮರೇಶ ಅವರು ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದ. ಜಿಲಾನಿಗೆ ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡು, ಕಡೆಗೆ ಬಜಾರಿನಲ್ಲಿ ಆಚೆ ಬದಿಯಿಂದ ನಡೆಯುವುದನ್ನು ರೂಢಿ ಮಾಡಿಕೊಂಡ.

*

ಮನೆಯ ಮುಂದೆ ಭರಮಮ್ಮ ಎಂಬ ಮುದುಕಿ ಯಾರಿಗೋ ಹೇಳುತ್ತಿದ್ದಳು: "ನಮ್ಮ ಮನಿಯವ್ರು ಹೋದಮ್ಯಾಲೆ ಅವರ ರೇಡಿಯೋ ಜಿಲಾನಿಗೆ ತಂದು ಕೊಟ್ಟಿದ್ನೆವ್ವ. ಮಾತಾಡಂಗ ಮಾಡಿಕೊಟ್ಟ. ಸ್ಟೇಷನ್ನಿನ ಮುಳ್ಳು ಮಾತ್ರ ಮುಟ್ಟಲಿಲ್ಲ. ಅವರು ಇಟ್ಟಲ್ಲೇ ಇರಲಿ ಬೇ ಅಂದ."

ಒಳಗೆ ಸ್ನಾನ ಮಾಡಿಸಿ, ಕಫನ್ ಹೊದಿಸಿ, ಜನಾಜವನ್ನು ಅಂಗಳಕ್ಕೆ ತಂದರು. ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಗ ಫಿರೋಜ್ ತಲೆಗೆ ಕರವಸ್ತ್ರ ಕಟ್ಟಿಕೊಂಡು ಎಲ್ಲರ ಮುಂದೆ ನಿಂತ. ಹೊರಡುವ ಮುಂಚೆ ಹೀಗೆ ಕೇಳುವುದು ಅವರ ರೂಢಿ.

"ನಮ್ಮ ಅಬ್ಬಾನಿಂದ ಯಾರಿಗಾದ್ರೂ ತಪ್ಪಾಗಿದ್ರ, ನೋವಾಗಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ."

"ಮಾಫ್, ಮಾಫ್," ಎಂದಿತು ಅಂಗಳ.

ಫಿರೋಜ್ ಅಷ್ಟಕ್ಕೇ ನಿಲ್ಲಲಿಲ್ಲ. ನೇರ ಅಮರೇಶನ ಹತ್ತಿರ ಬಂದ. ಕೈಯಲ್ಲಿ ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿದ ಗಂಟಿತ್ತು.

"ಮಾಸ್ತರ, ಕಫನ್ ತೆಗೆಯಾಕಂತ ಅಬ್ಬಾನ ಪೆಟಗಿ ತೆರೆದ್ವಿ. ಇದು ಸಿಕ್ತು. ಫ್ಲಾಪಿ ಹಾಕೋದು." ಅವನ ದನಿ ಇಳಿಯಿತು. "ಇಷ್ಟು ವರ್ಷ ಅಬ್ಬಾ ತೆಗೆದಿಲ್ಲ ಅಂತ ನಾನು ಮಂದಿ ಜೋಡಿ ಜಗಳಾಡೀನಿ. ಅಮ್ಮಿ ಹೇಳ್ಯಾಳ, ನಿಮ್ಮದು ನಿಮಗ ಮುಟ್ಟಿಸಿ, ನಿಮ್ಮ ಬಾಯಿಂದ ಒಂದ್ಮಾತು ಕೇಳಿದಮ್ಯಾಲೆ ಮಣ್ಣಿಗೆ ಒಯ್ಯಬೇಕಂತ."

ಅಮರೇಶ ಬಟ್ಟೆ ಸರಿಸಿದ. ಗುಮಾಸ್ತನ ಮೇಜಿನ ಮೇಲಿದ್ದಂಥದೇ ಡಬ್ಬಿ. ಅದಕ್ಕೇ ಅಂಟಿದ, ಒಪ್ಪವಾಗಿ ಸುತ್ತಿದ ವಾಯರು. ಹೊಸಪೇಟೆಯ ಕಚೇರಿಯ ಹೆಸರು ಬರೆದ ಚೀಟಿ ಇನ್ನೂ ಕೆಳಗಿತ್ತು. ಜಿಲಾನಿ ಎಲ್ಲೆಲ್ಲೋ ಕೇಳಿ, ಹುಡುಕಿ ತಂದಿದ್ದ, ಇವನಿಗೆ ತೋರಿಸಲೆಂದು. ತೋರಿಸಲು ಬಂದಾಗಲೆಲ್ಲ ಇವನು ಆಚೆ ಬದಿಯಿಂದ ನಡೆದುಹೋಗಿದ್ದ.

ಬಾಗಿಲ ಪರದೆಯ ಹಿಂದೆ ಜಿಲಾನಿಯ ಹೆಂಡತಿ ಶಹಜಾನಬಿ ನಿಂತಿದ್ದಳು. ಅವಳ ಕಾಲ್ಬೆರಳುಗಳು ಮಾತ್ರ ಕಾಣುತ್ತಿದ್ದವು.

ಹೇಳಬೇಕಾದ ಮಾತು ಬೇರೆಯಿತ್ತು. ಅಂಗಳ ತುಂಬ ಮುಖಗಳು.

"ಮಾಫ್ ಮಾಡೀನಿ," ಎಂದ ಅಮರೇಶ.

"ದೊಡ್ಡ ಮನಸು," ಎಂದ ಯಾರೋ ಹಿಂದಿನಿಂದ. ಪರದೆಯ ಕೆಳಗಿನ ಬೆರಳುಗಳು ಒಳಗೆ ಸರಿದವು.

ದಾರಿಯಲ್ಲಿ ಫಿರೋಜ್ ಅವನನ್ನು ಕರೆದು ಹೆಗಲು ಕೊಡಿಸಿದ. ಹತ್ತು ಹೆಜ್ಜೆಗೊಬ್ಬರು ಹೆಗಲು ಬದಲಿಸುವುದು ಪದ್ಧತಿ. ಅಮರೇಶ ಕಬರಸ್ತಾನದ ತನಕ ಬಿಡಲಿಲ್ಲ. ಜಿಲಾನಿ ಹಗುರವಾಗಿದ್ದ.

*

ಮಣ್ಣು ಮಾಡಿ ಬಂದು, ಬೆಂಚನ್ನು ತಿರುಗಿ ಅಂಗಡಿಯ ಮುಂದೆ ಇಟ್ಟಾಗ ಬಿಸಿಲು ಇಳಿದಿರಲಿಲ್ಲ. ಫಿರೋಜ್ ಷಟರ್ ಎಳೆಯಲು ಬಗ್ಗಿದ್ದ. ಅಮರೇಶ ಸೆಂಟರಿನಿಂದ ಲ್ಯಾಪ್‌ಟಾಪ್ ತಂದು ಬೆಂಚಿನ ಮೇಲೆ ಬೋರಲು ಇಟ್ಟ, ಪಕ್ಕದಲ್ಲಿ ಡಬ್ಬಿಯ ಗಂಟನ್ನೂ ಇಟ್ಟ.

"ಬಿಚ್ಚು ಫಿರೋಜ್. ಎಲ್ರ ಎದುರಿಗೇ ಬಿಚ್ಚು."

"ಇವತ್ತೇನ್ರಿ ಮಾಸ್ತರ?" ಎಂದ ಜಂಬಣ್ಣ, ಗಲ್ಲಾದಿಂದ ಎದ್ದು ಬರುತ್ತ. ಮಸೀದಿ ಕಡೆಯಿಂದ ಬರುತ್ತಿದ್ದವರೂ ನಿಂತರು.

ಫಿರೋಜ್ ಅಪ್ಪನ ಸಣ್ಣ ಸ್ಕ್ರೂಡ್ರೈವರ್ ತಂದ. ಹನ್ನೊಂದು ಸ್ಕ್ರೂ. ತಲೆಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಹಾಸಿ ಒಂದೊಂದನ್ನೇ ಅದರ ಮೇಲಿಟ್ಟ. ತಳ ಕೈಗೆ ಬಂತು. ಒಳಗೆ ಬೆರಳಿಡಲು ಜಾಗವಿರಲಿಲ್ಲ. ಒಂದರ ಮಗ್ಗುಲಿಗೆ ಒಂದು, ಒತ್ತೊತ್ತಾಗಿ ತುಂಬಿತ್ತು. ಫಿರೋಜ್ ಡಬ್ಬಿಯನ್ನು ಅಲ್ಲಿ ಹಿಡಿದು ನೋಡಿದ, ಇಲ್ಲಿ ಹಿಡಿದು ನೋಡಿದ. ಕದ್ದದ್ದೆಂಬ ಆ ಡಬ್ಬಿ ಬಿಚ್ಚಿದ ಯಂತ್ರಕ್ಕಿಂತ ದಪ್ಪವಿತ್ತು.

ಯಾರೂ ನಗಲಿಲ್ಲ.

"ಅದರಾಗ ಏನೂ ಇರಲಿಲ್ಲ," ಎಂದ ಅಮರೇಶ. "ಮೊದಲಿಂದಲೂ ಇರಲಿಲ್ಲ. ನನಗ ಗೊತ್ತಾಗಿ ಮೂರು ವರ್ಷದ ಮ್ಯಾಲಾತು."

ಜಂಬಣ್ಣ ತನ್ನ ತಕ್ಕಡಿಯ ಕಡೆ ನೋಡಿ, ಮುಖ ಬೇರೆ ಕಡೆ ತಿರುಗಿಸಿದ.

ಫಿರೋಜ್ ಬಿಚ್ಚಿದ ಯಂತ್ರವನ್ನು ಎತ್ತಿ ಅಮರೇಶನ ಎರಡೂ ಅಂಗೈ ಮೇಲಿಟ್ಟ. ಅದರ ಮೇಲೆ ಹನ್ನೊಂದು ಸ್ಕ್ರೂಗಳ ಕರವಸ್ತ್ರ ಇಟ್ಟ. ಡಬ್ಬಿಯನ್ನು ಮಾತ್ರ ಅಂಗಿಯ ತುಂಡಿನಲ್ಲಿ ಮತ್ತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಆ ಕಡೆ ಹಿಡೀತೀನಿ ತಡಿಯಪ," ಎಂದ ಜಂಬಣ್ಣ. ಫಿರೋಜ್ ಕಾಯಲಿಲ್ಲ. ಒಬ್ಬನೇ ಬೆಂಚನ್ನು ಎಳೆದುಕೊಂಡು ಒಳಗೆ ಹೋದ. ಷಟರ್ ಕೆಳಗಿಳಿದ ಮೇಲೂ ಬೆಂಚಿನ ಕಾಲುಗಳು ಎಳೆದ ಎರಡು ಗೆರೆ ಮಣ್ಣಿನಲ್ಲಿ ಉಳಿದಿದ್ದವು. ಅವುಗಳ ನಡುವೆ ಅಮರೇಶ ಅಂಗೈ ಚಾಚಿಕೊಂಡು ನಿಂತಿದ್ದ, ಒಂದು ಸ್ಕ್ರೂ ಕೂಡ ಉರುಳದಂತೆ.