ಹಲ್ಲಿನ ಡಾಕ್ಟರ ಕೊಳಲು

ಹದಿನೆಂಟು ದಿನದ ರಜೆ ಮುಗಿಸಿ ಮನೆಗೆ ಬಂದು ಸೂಟ್‌ಕೇಸ್ ಇನ್ನೂ ಬಿಚ್ಚಿರಲಿಲ್ಲ, ಆಗಲೇ ತಕ್ಕಡಿಯವರಿಗೆ ಚಿಂತೆ ಹತ್ತಿಕೊಂಡಿತು. ತಕ್ಕಡಿ ಅನ್ನುವುದು ಅವರ ಹೆಸರಲ್ಲ. ಊರಿನ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಇಪ್ಪತ್ತಾರು ವರ್ಷಗಳಿಂದ ಸಂಗೀತ, ನಾಟಕ, ಚಿತ್ರ ಪ್ರದರ್ಶನ ಎಲ್ಲವನ್ನೂ ತೂಗಿ ತೂಗಿ ಬರೆದದ್ದಕ್ಕೆ ಜನ ಕೊಟ್ಟ ಬಿರುದು. ಕಿವಿಯಾರೆ ಕೇಳದ್ದನ್ನು, ಕಣ್ಣಾರೆ ಕಾಣದ್ದನ್ನು ಅವರು ಒಂದು ಸಾಲೂ ಬರೆದವರಲ್ಲ. ಇದನ್ನು ಸಿಕ್ಕಸಿಕ್ಕವರಿಗೆಲ್ಲ ಅವರೇ ಹೇಳಿಕೊಂಡು ಬಂದಿದ್ದರಿಂದ ಊರಿಗೆಲ್ಲ ಗೊತ್ತಿತ್ತು.

ಚಿಂತೆಗೆ ಕಾರಣ ಅವರ ಭಾವಮೈದುನ. ಹೆಂಡತಿಯ ಒಡಹುಟ್ಟಿದ ತಮ್ಮ, ಊರಿಗಿರುವ ಒಬ್ಬನೇ ಹಲ್ಲಿನ ಡಾಕ್ಟರು. ಹದಿನೈದು ವರ್ಷ ಬಾಗಿಲು ಹಾಕಿಕೊಂಡು ಕೊಳಲು ಕಲಿತು, ಐವತ್ತು ತುಂಬಿದ ಮೇಲೆ ಧೈರ್ಯ ಮಾಡಿ ಪುರಭವನದಲ್ಲಿ ಮೊದಲ ಕಛೇರಿ ಇಟ್ಟುಕೊಂಡಿದ್ದ. ಆಮಂತ್ರಣ ಕೈಗೆ ಬಂದ ದಿನವೇ ತಕ್ಕಡಿಯವರು ಲೆಕ್ಕ ಹಾಕಿದ್ದರು. ಚೆನ್ನಾಗಿಲ್ಲವೆಂದು ಬರೆದರೆ ಮನೆಯಲ್ಲಿ ನೆಮ್ಮದಿಯಿಂದ ಒಂದು ತುತ್ತು ಇಳಿಯುವುದಿಲ್ಲ. ಚೆನ್ನಾಗಿದೆಯೆಂದು ಸುಳ್ಳು ಬರೆದರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು. ನಿಜವಾಗಿಯೂ ಚೆನ್ನಾಗಿರಬಹುದು ಅನ್ನುವ ಯೋಚನೆ ಮಾತ್ರ ಆ ಮಹಾನುಭಾವರಿಗೆ ಬರಲೇ ಇಲ್ಲ, ನೋಡಿ. ಸೊಂಟನೋವಿನ ನೆವ ಹೇಳಿ ಸರಿಯಾಗಿ ಅದೇ ವಾರಕ್ಕೆ ಸಮುದ್ರದಂಡೆಯ ಊರಿಗೆ ಟಿಕೆಟ್ ಮಾಡಿಸಿಬಿಟ್ಟರು. ತಾರೀಖು ಗಮನಿಸಲೇ ಇಲ್ಲವಲ್ಲ ಎಂದು ಆಮೇಲೆ ಹಲುಬಿದ್ದೂ ಆಯಿತು.

ಹೆಂಡತಿ ದಡ್ಡಿಯಲ್ಲ. ಹದಿನೆಂಟು ದಿನವೂ ಸಮುದ್ರದ ಕಡೆ ಮುಖ ಮಾಡಿ ಕೂತಳೇ ಹೊರತು ಗಂಡನ ಕಡೆ ತಿರುಗಲಿಲ್ಲ. ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತಾ ಬಾಯಿ ಬಿಟ್ಟಳು.

"ತಮ್ಮನಿಗೆ ಫೋನ್ ಮಾಡೋಕೆ ನನಗೆ ಮುಖ ಇಲ್ಲ ರೀ. ಪೇಪರಲ್ಲಿ ಅವನ ಬಗ್ಗೆ ನಾಲ್ಕು ಸಾಲು ಬರೀರಿ. ಅದು ಬಂದ್ಮೇಲೆ ಅವನ ಹತ್ರ ಮಾತಾಡ್ತೀನಿ. ಅಲ್ಲೀವರೆಗೆ ನಿಮ್ಮ ಹತ್ರಾನೂ ಇಲ್ಲ."

ಸಂಪಾದಕರದ್ದೂ ಅದೇ ರಾಗ. ರಜೆಯಲ್ಲಿ ತಪ್ಪಿಹೋದದ್ದನ್ನೆಲ್ಲ ಒಟ್ಟುಮಾಡಿ ಒಂದು ಪುಟ ಕೊಡಿ, ಓದುಗರು ಕಾಯುತ್ತಿದ್ದಾರೆ ಅಂದರು. ಹೀಗೆ ಎರಡೂ ಕಡೆಯಿಂದ ಒತ್ತಡ ಬಿದ್ದು, ಕೇಳದ್ದನ್ನು ಬರೆಯದ ಮನುಷ್ಯ ಕೇಳಿದವರನ್ನು ಹುಡುಕಿಕೊಂಡು ಹೊರಟರು. ಉಳಿದದ್ದೆಲ್ಲ ಅರ್ಧ ದಿನದಲ್ಲಿ ಸಿಕ್ಕಿತು. ಶಾಲಾ ಮಕ್ಕಳ ನಾಟಕದಲ್ಲಿ ರಾಜನ ಮೀಸೆ ಮಂತ್ರಿಯ ಕೈಗೆ ಬಂದಿತ್ತು. ಚಿತ್ರ ಪ್ರದರ್ಶನದಲ್ಲಿ ಒಂದು ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದರು, ಮಾರಾಟವಾದದ್ದು ಅದೊಂದೇ. ಇನ್ನು ಉಳಿದದ್ದು ಕೊಳಲು. ಪುರಭವನಕ್ಕೆ ಹೋಗಿ ಕೇಳೋಣವೆಂದರೆ ಅಲ್ಲಿಯ ವಾಚ್‌ಮನ್ ಬಾಯಿಬಡುಕ, ಸ್ವಂತ ಭಾವಮೈದುನನ ಕಛೇರಿಗೇ ಬರಲಿಲ್ಲವಲ್ಲ ಎಂದು ಮಾನ ಹರಾಜು ಹಾಕುತ್ತಾನೆ. ಡಾಕ್ಟರನ್ನೇ ಕೇಳುವ ಮಾತಂತೂ ಇಲ್ಲ.

ಮೊದಲು ಕ್ಷೌರದಂಗಡಿಯವನನ್ನು ಮಾತಿಗೆಳೆದರು. ಅವನು ಕತ್ತರಿ ನಿಲ್ಲಿಸಿ, ಡಾಕ್ಟರ ಭಾವನವರನ್ನು ಕನ್ನಡಿಯಲ್ಲಿ ಒಮ್ಮೆ ನೋಡಿ, ಬಹಳ ಚೆನ್ನಾಗಿತ್ತು ಸಾರ್, ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ ಅಂದ. ಪುಸ್ತಕದಂಗಡಿಯಾಕೆ ಕಣ್ಣಲ್ಲಿ ನೀರು ಬಂತು ಅಂದಳು, ಆದರೆ ಅವಳ ಲೆಕ್ಕದಲ್ಲಿ ಕಛೇರಿ ನಡೆದದ್ದು ಒಂದೂವರೆ ಗಂಟೆ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಇಬ್ಬರನ್ನೂ ಮೀರಿಸಿದರು. ಸಭಾಂಗಣ ಕಿಕ್ಕಿರಿದು ತುಂಬಿ ತಾವು ಹಿಂದೆ ಗೋಡೆಗೊರಗಿ ನಿಂತು ಕೇಳಿದೆವೆಂದೂ ಮಂಡಿ ಇನ್ನೂ ನೋಯುತ್ತಿದೆಯೆಂದೂ ಹೇಳಿದರು. ಕ್ಷೌರದವನ ದವಡೆ ಹಲ್ಲನ್ನು ಡಾಕ್ಟರು ಅರ್ಧ ಕೊರೆದು ಬಿಟ್ಟಿದ್ದ, ಪುಸ್ತಕದಂಗಡಿಯಾಕೆಗೆ ಮುಂದಿನ ವಾರ ಎರಡು ಹಲ್ಲು ಕೀಳಿಸುವುದಿತ್ತು, ಹೆಡ್‌ಮಾಸ್ತರ ಹೊಸ ಹಲ್ಲಿನ ಸೆಟ್ ಡಾಕ್ಟರ ಮೇಜಿನ ಮೇಲೇ ಇತ್ತು. ಎಲ್ಲವನ್ನೂ ತೂಗುವ ತಕ್ಕಡಿಯವರು ಇದೊಂದನ್ನು ತೂಗಲಿಲ್ಲ.

ಅವರಿಗೋ ಖುಷಿಯೋ ಖುಷಿ. ಮೂರು ಸಾಕ್ಷಿ, ಮೂವರದ್ದೂ ಒಂದೇ ಮಾತು. "ಸುಮಾರು ಎರಡು ಗಂಟೆ ಸಭಿಕರನ್ನು ಹಿಡಿದಿಟ್ಟ ವಾದನ" ಎಂದು ಬರೆದರು. ಮನೆಯವನನ್ನು ಹೊಗಳಿದರು ಅನ್ನುವ ಅಪವಾದ ಬರಬಾರದೆಂದು, ನಡುವಿನ ಭಾಗ ತುಸು ಎಳೆದಂತಾಯಿತು ಎಂದೂ ಒಂದು ಸಾಲು ಸೇರಿಸಿದರು. ಬರೆದು ಮುಗಿಸಿದಾಗ ತಾವೇ ಮೂರನೆಯ ಸಾಲಿನಲ್ಲಿ ಕೂತು ಕೇಳಿದ್ದೇವೇನೋ ಅನ್ನಿಸಿತು.

ಭಾನುವಾರ ಬೆಳಗ್ಗೆ ಪತ್ರಿಕೆ ಬಂತು. ಹೆಂಡತಿ ಎರಡು ಸಲ ಓದಿ, ಕೇಳದೆಯೇ ಕಾಫಿ ತಂದಿಟ್ಟಳು. ಆ ಕಾಫಿ ಆರುವ ಮೊದಲೇ ಡಾಕ್ಟರು ಬಂದ, ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ಅಕ್ಕ ಮುಖ ಅರಳಿಸಿಕೊಂಡು ಎದ್ದಳು. ಅವನು ಅವಳ ಕೈ ಹಿಡಿದು ಕೂರಿಸಿ, ತಾನೂ ಕೂತು, ಮೆಲ್ಲಗೆ ಹೇಳಿದ.

"ಭಾವ, ಕಛೇರಿ ನಡೀಲೇ ಇಲ್ಲ."

ನಿಲ್ಲಿಸಿದ್ದು ಅವನೇ ಅಂತೆ, ಎರಡು ದಿನ ಮುಂಚೆ. ಪುರಭವನದ ಬಾಗಿಲಿಗೆ ಚೀಟಿ ಅಂಟಿಸಿದ್ದನಂತೆ. ಊರಿನ ಒಬ್ಬ ನರಪಿಳ್ಳೆಯೂ ಬಂದು ಅದನ್ನು ಓದಿರಲಿಲ್ಲ ಅನ್ನುವುದು ಈ ಬೆಳಗ್ಗೆ ಪತ್ರಿಕೆ ನೋಡಿದಾಗ ಅವನಿಗೂ ಗೊತ್ತಾಗಿತ್ತು. ಕ್ಷೌರದವನೂ ಪುಸ್ತಕದಂಗಡಿಯಾಕೆಯೂ ಹೆಡ್‌ಮಾಸ್ತರೂ ಚೆನ್ನಾಗಿತ್ತು ಅಂದರಲ್ಲ ಎಂದು ತಕ್ಕಡಿಯವರು ತೊದಲಿದರು. ಯಾಕೆ ನಿಲ್ಲಿಸಿದೆ ಎಂದು ಕೇಳುವ ಮೊದಲೇ ಅವನೇ ಹೇಳಿದ.

"ನೀವು ಟಿಕೆಟ್ ಮಾಡಿಸಿದ್ದು ಗೊತ್ತಾದ ದಿನಾನೇ ನನಗೆ ಅರ್ಥ ಆಯ್ತು. ಭಾವ ಎದ್ದು ಓಡ್ತಿದ್ದಾರೆ ಅಂದ್ರೆ ನನ್ನ ಕೊಳಲು ಅಷ್ಟಕ್ಕಷ್ಟೇ ಅಂತ. ನಿಮ್ಮ ಕಿವಿ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು."

ಹೆಂಡತಿ ಗಂಡನ ಕಡೆ ತಿರುಗಿದಳು. ಹದಿನೆಂಟು ದಿನ ತಿರುಗದೇ ಇದ್ದದ್ದೇ ಎಷ್ಟೋ ವಾಸಿಯಾಗಿತ್ತು ಅನ್ನಿಸುವ ಹಾಗಿತ್ತು ಆ ನೋಟ.

ಡಾಕ್ಟರು ಸಿಟ್ಟಾಗಲಿಲ್ಲ. ಪತ್ರಿಕೆಯಲ್ಲಿ ಬೆರಳಿಟ್ಟು, ಎಳೆದಂತಾದ ಭಾಗ ಯಾವುದು ಎಂದು ಮಾತ್ರ ಕೇಳಿದ. ಆಮೇಲೆ ಚೀಲದಿಂದ ಕೊಳಲು ತೆಗೆದ. ಹೇಗೂ ಬಂದಿದ್ದೇನೆ, ಕೇಳಿಬಿಡಿ ಅಂದ.

ನುಡಿಸಿದ. ಎರಡು ಕಡೆ ಉಸಿರು ತುಂಡಾಯಿತು, ಒಂದು ಸ್ವರ ಜಾರಿತು. ಆದರೂ ನಾದ ಎಷ್ಟು ದುಂಡಗಿತ್ತೆಂದರೆ, ಎಷ್ಟು ನಿಧಾನವಾಗಿ, ಯಾರನ್ನೂ ಮೆಚ್ಚಿಸುವ ಗೊಡವೆಯೇ ಇಲ್ಲದೆ ಬಂತೆಂದರೆ, ತಕ್ಕಡಿಯವರು ಎಷ್ಟೋ ವರ್ಷಗಳಿಂದ ಅಂಥದ್ದು ಕೇಳಿರಲಿಲ್ಲ. ಒಳಗೆಲ್ಲ ನಾಚಿಕೆ ತುಂಬಿತು. ಇದನ್ನು ಕೇಳಬಾರದೆಂದು ತಾವು ಸಮುದ್ರದವರೆಗೆ ಓಡಿದ್ದೆವಲ್ಲ ಎಂದು ಅಳು ಬರುವಂತಾಯಿತು.

"ಚೆನ್ನಾಗಿತ್ತು ಕಣೋ," ಅಂದರು.

"ಎಲ್ಲರೂ ಹಾಗೇ ಅಂದ್ರಂತಲ್ಲ ಭಾವ." ಅವನು ಕೊಳಲು ಒರೆಸುತ್ತಿದ್ದ.

"ಇಲ್ಲ ಕಣೋ, ಆಣೆಗೂ. ನಿಜವಾಗ್ಲೂ ಚೆನ್ನಾಗಿತ್ತು." ಇಪ್ಪತ್ತಾರು ವರ್ಷದಲ್ಲಿ ಅವರು ತಮ್ಮ ಅಭಿಪ್ರಾಯಕ್ಕೆ ಆಣೆ ಸೇರಿಸಿದ್ದು ಅದೇ ಮೊದಲು. "ಉಸಿರು ಎರಡು ಕಡೆ ಹೋಯ್ತು, ಅದು ಸರಿಹೋಗುತ್ತೆ. ಮುಂದಿನ ತಿಂಗಳೇ ಕಛೇರಿ ಇಟ್ಕೋ. ಮೊದಲ ಸಾಲಲ್ಲೇ ಕೂತ್ಕೋತೀನಿ."

ಡಾಕ್ಟರು ಚೀಲದ ದಾರ ಬಿಗಿದು ಎದ್ದ. ಹಲ್ಲು ಕೀಳಿಸಿಕೊಂಡವರ ಭುಜ ತಟ್ಟುವ ಹಾಗೆ ಭಾವನ ಭುಜ ತಟ್ಟಿದ.

"ಆಗೋಯ್ತಲ್ಲ ಭಾವ," ಅಂದ. "ಪೇಪರಲ್ಲೇ ಬಂದಿದೆ."