ಊರುಗೋಲು ಬೇಡದ ಪಿಯೋನಿ

ನಮ್ಮತ್ತೆ ಬೋರ್ಗಿಲ್ಡ್ ಎಪ್ಪತ್ತು ದಾಟಿದ ಮೇಲೆ ಪಿಯೋನಿ ಬೀಜ ಬಿತ್ತಿದಾಗ ನಾರ್ತ್ ಡಕೋಟಾದ ನಮ್ಮ ಊರೇ ನಕ್ಕಿತ್ತು. ಬೀಜ ಹಾಕಿದರೆ ಹೂವಿಗೆ ಐದಾರು ವರ್ಷ ಕಾಯಬೇಕು.

"ಹೂ ನೋಡೋಕೆ ನೀನಿರ್ತೀಯಾ ಬೋರ್ಗಿಲ್ಡ್?" ಎಂದು ಪಕ್ಕದ ಮನೆ ಟಿಲ್ಲಿ ಕೆಣಕಿದಳು.

"ನೀನೇ ಇರ್ತೀಯ ಅಂದ್ಮೇಲೆ ನನಗೇನೇ ಧಾಡಿ?" ಎಂದರು ಅತ್ತೆ.

ಅವರ ತಾಯಿ ನಾರ್ವೆಯಿಂದ ತಂದ ಕೆಂಪು ಗಿಡಕ್ಕೂ ಟಿಲ್ಲಿಯ ಬಿಳಿ ಗಿಡಕ್ಕೂ ಜೇನುನೊಣ ಮಾಡಿಸಿದ ಮದುವೆ ಅದು. ಆರು ವರ್ಷ ಕಾದ ಮೇಲೆ ಹುಟ್ಟಿದ್ದು ತಿಳಿಗುಲಾಬಿ ಬಣ್ಣದ, ಊಟದ ತಟ್ಟೆಯಷ್ಟಗಲದ ಹೂ. ನೆಲವೆಲ್ಲ ಕಲ್ಲಾಗುವ ನಮ್ಮ ಚಳಿ ಆ ಗಿಡಕ್ಕೆ ಹಬ್ಬ. ಹೂಭಾರದ ಪಿಯೋನಿ ಮಳೆಗೆ ಮಕಾಡೆ ಬೀಳುತ್ತದೆಂದು ಎಲ್ಲರೂ ಸುತ್ತ ತಂತಿಬಳೆ ಹಾಕುತ್ತಾರೆ. ಅತ್ತೆ ಮಾತ್ರ ಹಾಕಲಿಲ್ಲ.

"ನಿಲ್ಲೋ ತಾಕತ್ತಿಲ್ದಿದ್ರೆ ಅದು ನನ್ನ ಗಿಡಾನೇ ಅಲ್ಲ."

ಆ ಹಟವೇ ನನ್ನ ಹೊಟ್ಟೆ ಉರಿಸುವುದು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಡಾಕ್ಟರು ಕೊಟ್ಟ ಊರುಗೋಲು ಬಾಗಿಲ ಹಿಂದೆ ಧೂಳು ತಿನ್ನುತ್ತಿತ್ತು. ಅವರು ಮೆಟ್ಟಿಲಿಳಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

"ಪಂಥ ಕಟ್ಟಿ ಅತ್ತೆ," ಎಂದೆ. "ಮೊದಲ್ನೇ ಜೋರು ಮಳೇಲಿ ನಿಮ್ಮ ಗಿಡ ತಲೆಬಗ್ಗಿಸಿದ್ರೆ ನೀವು ಕೋಲು ಹಿಡೀಬೇಕು."

"ಬಗ್ಗಿಸ್ದೇ ಇದ್ರೆ?"

"ನಾನು ಕೋಲಿನ ಮಾತೇ ಎತ್ತಲ್ಲ."

ಶನಿವಾರ ನಾನು ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಬಸಿಯುತ್ತಿದ್ದಾಗ ಮಳೆ ಸುರಿಯಿತು, ಅಬ್ಬಾ, ಆಕಾಶವೇ ತೂತು! ಚರ್ಚಿನಲ್ಲೇ ನಿಂತು ಗಿಡ ಬೀಳಲಪ್ಪಾ ಎಂದು ಬೇಡಿಕೊಂಡೆ, ದೇವರು ಕ್ಷಮಿಸಲಿ.

ಮನೆಗೆ ಬಂದರೆ ಟಿಲ್ಲಿಯ ಗಿಡಗಳು ತಂತಿಬಳೆ ಸಮೇತ ಕೆಸರಲ್ಲಿ ಬಿದ್ದಿದ್ದವು. ನಮ್ಮದು ನೆಟ್ಟಗೆ ನಿಂತಿತ್ತು. ಅರಳದ ಮೊಗ್ಗುಗಳ ಮೇಲೆ ಇರುವೆಗಳು ಆಗಲೇ ಹತ್ತಿದ್ದವು. ಸೋತೆನಲ್ಲಾ ಎಂದು ಅಳುವೇ ಬಂತು. ತಲೆ ತಗ್ಗಿಸಿದವಳಿಗೆ ನೆಲ ಕಂಡಿತು. ಅಡುಗೆಮನೆ ಮೆಟ್ಟಿಲಿನಿಂದ ಗಿಡದವರೆಗೆ, ಅಲ್ಲಿಂದ ವಾಪಸು, ಕೆಸರಲ್ಲಿ ಅತ್ತೆಯ ಬೂಟಿನ ಗುರುತು. ಪಕ್ಕದಲ್ಲೇ ಒಂದೊಂದು ದುಂಡನೆಯ ತೂತು.

ಒಳಗೆ ಕೋಲು ಬಾಗಿಲ ಹಿಂದೆಯೇ ಇತ್ತು. ಧೂಳಿರಲಿಲ್ಲ, ತುದಿ ಇನ್ನೂ ಒದ್ದೆ.

"ಯಾರೇ ಗೆದ್ದಿದ್ದು?" ಅತ್ತೆ ಕಾಫಿ ಲೋಟದ ಮೇಲಿಂದ ಕೇಳಿದರು.

"ನೀವೇ ಅತ್ತೆ."

"ಇನ್ನು ಕೋಲಿನ ಮಾತು?"

"ಎತ್ತಲ್ಲ."

ಖುಷಿಯಾಗಿ ನನಗೊಂದು ಲೆಫ್ಸೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಕೊಟ್ಟರು. ಕಿಟಕಿಯಾಚೆ ಟಿಲ್ಲಿ ನಮ್ಮ ಗಿಡ ನೋಡಲು ಬೇಲಿ ದಾಟುತ್ತಿದ್ದಳು. ರೊಟ್ಟಿ ಬಾಯಲ್ಲಿಟ್ಟುಕೊಂಡೇ ಓಡಿದೆ. ಅವಳು ಬರುವಷ್ಟರಲ್ಲಿ ಆ ತೂತುಗಳನ್ನೆಲ್ಲ ಕಾಲಿನಿಂದ ಮುಚ್ಚಿಬಿಟ್ಟಿದ್ದೆ.