ಶೇಂಗಾ ಸಾಲಿನ ಮರಿ

ಬಬ್ಬೂರಿನ ಹೊಲದಲ್ಲಿ ಶೇಂಗಾ ಕಳೆ ತೆಗೆಯುವಾಗ ಸುಚಿತ್ರಾಗೆ ಒಂಟಿ ಮೊಲದ ಮರಿ ಸಿಕ್ಕಿತು. ತಾಯಿ ಸುತ್ತಮುತ್ತ ಕಾಣಲಿಲ್ಲ. ಪಾಪ ಎಂದು ಅದನ್ನು ಸೆರಗಿನಲ್ಲಿಟ್ಟುಕೊಂಡು ಬಂದು, ಮನೆಯಲ್ಲಿ ಈಚೆಗಷ್ಟೇ ಮರಿ ಹಾಕಿದ್ದ ಸಾಕುಮೊಲದ ಗೂಡಿಗೆ ಬಿಟ್ಟಳು. ಬಿಳಿ ಮೊಲ ಮೂಸಿ ನೋಡಿ, ಮರಿಯನ್ನು ಒದ್ದು ದೂಡಿತು.

"ಎರಡೂ ಮೊಲಾನೇ ಅಲ್ವೇನ್ರಿ ಅತ್ತೆ? ಹಾಲು ಕುಡ್ಸಾಕೆ ಏನು ಧಾಡಿ ಇದಕ್ಕೆ?"

"ಒಂದೇ ಹೆಸರಿಟ್ಟು ಕರೆಯೋರು ನಾವು ಕಣವ್ವ, ಅವಕ್ಕೇನು ಗೊತ್ತು?" ಎಂದು ಅತ್ತೆ ಓಬಕ್ಕ ನಕ್ಕಳು.

ಸುಚಿತ್ರಾ ಬಗ್ಗಿ ನೋಡಿದಳು. ಗೂಡಿನ ಮರಿಗಳ ಮೈಮೇಲೆ ಕೂದಲಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ. ತಾಯಿ ತನ್ನದೇ ತುಪ್ಪಳ ಕಿತ್ತು ಹಾಸಿದ್ದರಲ್ಲಿ ಹುದುಗಿದ್ದವು. ಹೊಲದ ಮರಿಗೋ ಹುಟ್ಟುತ್ತಲೇ ಮೈತುಂಬ ಮಣ್ಣುಬಣ್ಣದ ಕೂದಲು, ಪಿಳಿಪಿಳಿ ಕಣ್ಣು. ಬಯಲಲ್ಲೇ ಹುಟ್ಟಿ, ಬಯಲಲ್ಲೇ ಅಲುಗದೆ ಕೂತು ತಾಯಿಗೆ ಕಾಯುವ ಜೀವ. ಅದನ್ನು ಯಾರೂ ಬಿಟ್ಟುಹೋಗಿರಲಿಲ್ಲ. ಇವಳೇ ಎತ್ತಿಕೊಂಡು ಬಂದಿದ್ದಳು.

"ಬೇಗ ಹೋಗಾಣ ಬರ್ರಿ ಅತ್ತೆ, ಹೊತ್ತು ಮುಣುಗ್ತೈತೆ."

ಕಳೆ ಕಿತ್ತ ಗುರುತು ಹಿಡಿದು ಅದೇ ಸಾಲಿನಲ್ಲಿ ಮರಿಯನ್ನಿಟ್ಟು, ಇಬ್ಬರೂ ಬದುವಿನಾಚೆ ಕೂತರು. ತನ್ನ ಕೈವಾಸನೆಗೆ ತಾಯಿ ಬೆದರೀತೆಂದು ಸುಚಿತ್ರಾಗೆ ಅಳುಕು. ಮಬ್ಬುಗತ್ತಲಲ್ಲಿ ಕಂದು ಮೊಲವೊಂದು ಬಂದು, ಕಿವಿ ನಿಮಿರಿಸಿ ನಿಂತು, ಕೊನೆಗೆ ಸಾಲಿನೊಳಗೆ ಇಳಿದು ಕೂತಿತು.

"ಎದ್ದೇಳು," ಓಬಕ್ಕ ಪಿಸುಗುಟ್ಟಿದಳು, "ಕುಡೀಲಿ ಅದು."